‘ಸ್ಮಾರ್ಟ್’ ಎಂಬ ಪದದ ಹಳೆಯ ಉರಿ

ಇಂದು ಮನೆಯ ಮಕ್ಕಳ ಬಾಯಲ್ಲಿಯೂ ಓಡಾಡುವ ‘ಸ್ಮಾರ್ಟ್’ ಎಂಬ ಇಂಗ್ಲಿಷ್ ಪದವು ನಮಗೆ ಜಾಣತನವನ್ನೋ, ಅಚ್ಚುಕಟ್ಟಾದ ಉಡುಪನ್ನೋ, ಅಂಗೈಯೊಳಗಿನ ಫೋನನ್ನೋ ನೆನಪಿಗೆ ತರುವುದು. ಇದರ ಹುಟ್ಟಾದರೋ ಗಾಯದ ಉರಿಯಲ್ಲಿ. ಪ್ರಾಚೀನ ಆಂಗ್ಲ ಭಾಷೆಯ ‘ಸ್ಮೆಯೊರ್ತನ್’ ಎಂಬ ಕ್ರಿಯಾಪದಕ್ಕೆ ನೋಯುವುದು, ಉರಿಯುವುದು ಎಂದೇ ಅರ್ಥ. ನೋವನ್ನು ಹೇಳುವ ಜರ್ಮನರ ‘ಶ್ಮೆರ್ಟ್ಸ್’ ಇದರ ಸೋದರಪದ. ಡಚ್ಚರಲ್ಲಿ ‘ಸ್ಮಾರ್ಟ್’ ಎಂದರೆ ಈಗಲೂ ದುಃಖವೇ. 1611ರ ಇಂಗ್ಲಿಷ್ ಬೈಬಲಿನ ಜ್ಞಾನೋಕ್ತಿಗಳಲ್ಲಿ, ಅನ್ಯನಿಗೆ ಹೊಣೆಯಾದವನ ಪಾಡನ್ನು ಹೇಳುವೆಡೆ ಈ ಪದವೇ ಬಂದಿದೆ. ಅವನು ಅದರಿಂದ ಜಾಣನಾದನೆಂದು ಇಂದಿನ ವಿದ್ಯಾರ್ಥಿಯು ತಿಳಿದರೆ ಮಾತು ತಲೆಕೆಳಗಾಗುವುದು!

ಈ ನೋವಿಗೆ ಒಮ್ಮೆ ಬೆಲೆಯೂ ಕಟ್ಟಲ್ಪಟ್ಟಿತ್ತು. ಇಂಗ್ಲೆಂಡಿನ ಚ್ಯಾಥಮ್ ಬಂದರಿನಲ್ಲಿ 16ನೆಯ ಶತಮಾನದ ಕೊನೆಗೆ ನಾವಿಕರ ನಿಧಿಯೊಂದು ಏರ್ಪಟ್ಟಿತು. ನಾವಿಕನ ಸಂಬಳದಿಂದ ತಿಂಗಳಿಗೆ 6 ಪೆನ್ಸ್ ಮುರಿದುಕೊಂಡು, ಅಂಗಹೀನರಾದವರಿಗೆ ಸಹಾಯಧನ ಕೊಡುತ್ತಿದ್ದರು. ನೌಕಾಸೇವೆಯಲ್ಲಿ ಗಾಯಗೊಂಡವನಿಗೆ ಸಲ್ಲುವ ಹಣಕ್ಕೆ ‘ಸ್ಮಾರ್ಟ್ ಮನಿ’ ಎಂದೂ, ಗಾಯವನ್ನು ದೃಢಪಡಿಸುವ ಪತ್ರಕ್ಕೆ ‘ಸ್ಮಾರ್ಟ್ ಟಿಕೆಟ್’ ಎಂದೂ ಹೆಸರಾಯಿತು. ಕಾಲು ಕಳೆದುಕೊಂಡ ಬಡವನಿಗೆ ಆ ಚೀಟಿಯೇ ಅನ್ನದ ದಾರಿ. ಇಂದು ಅದೇ ‘ಸ್ಮಾರ್ಟ್ ಮನಿ’ ಎಂಬುದು ಷೇರುಪೇಟೆಯ ಚತುರರು ಹೂಡುವ ಹಣಕ್ಕೆ ಸಲ್ಲುತ್ತಿದೆ. ಪದವು ನೊಂದವನನ್ನು ಬಿಟ್ಟು ಗಳಿಸುವವನ ಪಕ್ಷಕ್ಕೆ ಸೇರಿತೆನ್ನಬೇಕು.

ಈ ಅರ್ಥಾಂತರವು ಒಂದೇ ದಿನದಲ್ಲಿ ಆದುದಲ್ಲ. ಚುರ್ರೆನ್ನುವ ಏಟು ಮೊದಲು. ಅಂತಹ ಏಟಿನ ಬಿರುಸು, ನಡೆಯ ಬಿರುಸು ಅನಂತರ. 17ನೆಯ ಶತಮಾನದಲ್ಲಿ ಬುದ್ಧಿಯ ಬಿರುಸು. 18ನೆಯದರಲ್ಲಿ ಉಡುಪಿನ ಠೀವಿ. ಕನ್ನಡಿಗರಿಗೆ ಇದು ಅಚ್ಚರಿಯಾಗಬೇಕಿಲ್ಲ. ನಮ್ಮ ‘ಚುರುಕು’ ಇಂಥದೇ ಪದ. ಬಿಸಿಲು ಚುರುಕಾಗುವುದು, ಹಸಿದ ಹೊಟ್ಟೆ ಚುರುಗುಟ್ಟುವುದು, ಸೋಮಾರಿಗೆ ಚುರುಕು ಮುಟ್ಟಿಸುವುದು. ಹುಡುಗನೂ ಚುರುಕು, ಅವನ ಬುದ್ಧಿಯೂ ಚುರುಕು. ಪರಸ್ಪರ ಸಂಬಂಧವಿಲ್ಲದ ಎರಡು ಭಾಷೆಗಳು ಉರಿಯನ್ನೂ ಚುರುಕುತನವನ್ನೂ ಹೀಗೆ ಒಂದೇ ಪದದಲ್ಲಿ ಕೂಡಿಸಿರುವುದು ಸ್ವಾರಸ್ಯವಾಗಿದೆ.

ಇಂಗ್ಲಿಷಿನಲ್ಲಿ ಹಳೆಯ ಅರ್ಥವು ಕ್ರಿಯಾಪದದಲ್ಲಿ ಇನ್ನೂ ಜೀವಿಸಿದೆ. ಹೊಗೆ ತಾಗಿದ ಕಣ್ಣು, ಮದ್ದು ಸವರಿದ ತರಚುಗಾಯ, ಅವಮಾನದಿಂದ ಬೆಂದ ಮನಸ್ಸು, ಈ ಮೂರಕ್ಕೂ ಆ ಪದವೇ ಸಲ್ಲುವುದು. ಜೇನುಹುಳು ಕುಟುಕುವುದಕ್ಕೆ ಅಲ್ಲಿ ‘ಸ್ಟಿಂಗ್’ ಎಂಬ ಮಾತುಂಟು. ಹುಳು ಹಾರಿಹೋದ ಮೇಲೆ ಚರ್ಮವು ಪಡುವ ಪಾಡು ‘ಸ್ಮಾರ್ಟ್’.