ಸ್ಥಳದ ನಖರವೂ ನಾನಾದೇಶಿಗಳೂ: ಬಳ್ಳಿಗಾವೆಯ ವ್ಯಾಪಾರವ್ಯವಸ್ಥೆಯನ್ನು ಕುರಿತು ಒಂದು ವಿಚಾರ

ವ್ಯವಹಾರವು ಬೆಳೆಯುತ್ತ ಬಂದಂತೆಲ್ಲ, ಅದನ್ನು ನಡೆಯಿಸುವ ಜನರು ಒಂದೆಡೆಯಲ್ಲಿಯೇ ಕೂಡಿರಬೇಕೆ, ದೇಶಾಂತರಗಳಲ್ಲಿ ಹರಡಿರಬೇಕೆ, ಇಲ್ಲವೆ ಕೆಲಕಾಲ ಕೂಡಿ ಕೆಲಕಾಲ ಅಗಲಿರಬೇಕೆ ಎಂಬ ಪ್ರಶ್ನೆಯು ಯಜಮಾನನನ್ನು ಎದುರಿಸದೆ ಇರದು. ೨೦೨೦ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತವಾಗಿ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ, ಬೆಂಗಳೂರಿನ ದೊಡ್ಡ ದೊಡ್ಡ ಸಂಸ್ಥೆಗಳು ತಮ್ಮ ನೌಕರರನ್ನು ಮನೆಯಿಂದಲೇ ಕೆಲಸ ಮಾಡುವಂತೆ ಕಳುಹಿಸಿದುವು. ಅನಂತರ ಕೆಲವರು ಅವರನ್ನು ಮರಳಿ ಕರೆದರು. ಕೆಲವರು ಮಿಶ್ರಪದ್ಧತಿಯನ್ನು ಹಿಡಿದರು. ಅಂದಿನಿಂದ ಈ ಪ್ರಶ್ನೆಯು ನಮ್ಮ ಕಾಲಕ್ಕೆ ಮಾತ್ರ ಹುಟ್ಟಿದುದೆಂಬ ಭಾವನೆಯು ಬೇರೂರಿದೆ. ಅದು ಸರಿಯಲ್ಲವೆಂದೂ, ಬನವಾಸಿ ನಾಡಿನ ವರ್ತಕರು ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಇದಕ್ಕೆ ತಮ್ಮದೊಂದು ಉತ್ತರವನ್ನು ಕಂಡುಕೊಂಡಿದ್ದರೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಶಿಕಾರಿಪುರ ಸೊರಬಗಳ ಸೀಮೆಯು ಶಾಸನಗಳ ಕಣಜ. ಬಿ. ಎಲ್. ರೈಸ್ ಮಹಾಶಯರು ಶಿಕಾರಿಪುರದ ಶಾಸನಗಳನ್ನು ೧೯೦೨ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿಯೂ, ಸೊರಬದವನ್ನು ೧೯೦೪ರ ಎಂಟನೆಯ ಸಂಪುಟದಲ್ಲಿಯೂ ಸೇರಿಸಿದರು. ಈ ಸೀಮೆಯ ಅಂಬ್ಲಿಗೊಳವನ್ನು ಇಂದು ಜನರು ಅದರ ಜಲಾಶಯದಿಂದ ಅರಿಯುತ್ತಾರೆ. ಬಳ್ಳಿಗಾವೆಯಾದರೋ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನಿರ್ಛಾಸಿರದ ರಾಜಧಾನಿಯಾಗಿತ್ತು. ಆ ನಗರದ ಶಾಸನಗಳೇ ಪ್ರಕೃತ ವಿಚಾರಕ್ಕೆ ಮುಖ್ಯ ಆಧಾರ.

ಅವುಗಳಲ್ಲಿ ಶಿಕಾರಿಪುರದ ೧೧೮ನೆಯ ಸಂಖ್ಯೆಯದು, ಹನ್ನೊಂದನೆಯ ಶತಮಾನದ ನಡುಭಾಗದ್ದು, ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಯಿಂದ ವಿದ್ವಾಂಸರಿಗೆ ಚಿರಪರಿಚಿತವಾಗಿದೆ. ಕೃತಯುಗದಿಂದಲೂ ನಾನಾದೇಶಗಳನ್ನು ಸಂಚರಿಸುವುದಕ್ಕಾಗಿಯೇ ಹುಟ್ಟಿದವರೆಂದು ಅದು ಅವರನ್ನು ವರ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ ಮೊದಲಾದ ದೇಶಗಳ ಹೆಸರುಗಳು ಅಲ್ಲಿವೆ. ಆನೆ, ಕುದುರೆ, ನವರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳು ಅವರ ಸರಕು. ಅವನ್ನು ಸಗಟಾಗಿಯೂ ಮಾರುವರು, ಹೆಗಲ ಮೇಲೆ ಹೊತ್ತೂ ಮಾರುವರು. ಪ್ರಶಸ್ತಿಯಲ್ಲಿ ಅತಿಶಯೋಕ್ತಿ ಸಹಜ. ಆದರೆ ಅತಿಶಯೋಕ್ತಿಯು ಯಾವ ಗುಣವನ್ನು ಹಿಗ್ಗಿಸುತ್ತದೆಂಬುದನ್ನು ಗಮನಿಸಬೇಕು. ಇಲ್ಲಿ ಹಿಗ್ಗಿಸಲ್ಪಟ್ಟಿರುವುದು ಸಂಚಾರವೇ.

ಇದರಿಂದ ಐನೂರ್ವರಿಗೆ ಊರೇ ಬೇಕಿರಲಿಲ್ಲವೆಂದು ಊಹಿಸಿದರೆ ತಪ್ಪಾದೀತು. ಅವರು ಎಲ್ಲಿಗೆ ಹೋದರೂ ಅಯ್ಯಾವೊಳೆಯ ಹೆಸರನ್ನು ಬಿಟ್ಟವರಲ್ಲ. ಮೇಲಾಗಿ ಶಾಸನಗಳು ನಾನಾದೇಶಿಗಳೊಡನೆ ಸ್ಥಳದ ನಖರವನ್ನೂ ಪಟ್ಟಣಸ್ವಾಮಿಯನ್ನೂ ಹೇಳುತ್ತವೆ. ಪಟ್ಟಣಸ್ವಾಮಿಯ ಕಾರ್ಯವು ಊರಿನಲ್ಲಿ ನಿಂತು ಮಾಡತಕ್ಕುದು. ಹೊಂಬುಚದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯು ೧೦೬೨ರ ಸುಮಾರಿನಲ್ಲಿ ಬಸದಿಯನ್ನು ಕಟ್ಟಿಸಿದುದೂ ಕೆರೆಗಳನ್ನು ಕಟ್ಟಿಸಿದುದೂ ವಿದಿತವೇ ಇದೆ. ಕೆರೆಯ ನೀರನ್ನು ಅಳೆದು ಬಿಡುವವನು ಏರಿಯ ಮೇಲೆ ನಿಂತು ನೋಡಿಯೇ ಬಿಡಬೇಕು. ಹಾಗೆಯೇ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವೂ, ದೀನರಿಗೂ ಅಂಗವಿಕಲರಿಗೂ ಅನ್ನವೂ, ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿದ್ದುವೆಂದು ಬಿಜ್ಜಳನ ಕಾಲದ, ೧೧೬೨ರ ಶಾಸನವು ತಿಳಿಸುತ್ತದೆ. ಇವು ದೂರದಿಂದ ಆಗುವ ಕೆಲಸಗಳಲ್ಲ. ಆದರೆ ಇಂತಹ ಧರ್ಮಗಳಿಗೆ ಬೇಕಾದ ಧನವು ಬಹುಮಟ್ಟಿಗೆ ದೂರದಿಂದಲೂ ಬರುತ್ತಿತ್ತು. ಸಂಚಾರಿಗಳಾದ ವರ್ತಕರು ಹೇರುಗಳ ಮೇಲೆ ಇಷ್ಟಿಷ್ಟೆಂದು ತಾವೇ ಆಯವನ್ನು ಗೊತ್ತುಮಾಡಿ ದೇವಸ್ಥಾನಗಳಿಗೆ ಬಿಡುತ್ತಿದ್ದರು. ಊರಿನಲ್ಲಿ ವಾಸಿಸದವನೂ ಊರಿನ ಭಾರದಲ್ಲಿ ಪಾಲುಗಾರನಾಗಿದ್ದನು. ಇದು ಮರೆಯತಕ್ಕ ಅಂಶವಲ್ಲ.

ಕಣ್ಮರೆಯಾಗಿರುವವನ ಕೆಲಸವನ್ನು ನಂಬುವುದೆಂತು? ದೂರದ ವ್ಯವಹಾರಕ್ಕೆಲ್ಲ ಇದೇ ತೊಡಕು. ಇದಕ್ಕೆ ಉತ್ತರವನ್ನು ಅದೇ ಕಾಲದ, ಅದೇ ರಾಜ್ಯದ ಒಂದು ಗ್ರಂಥದಲ್ಲಿ ಕಾಣಬಹುದು. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ವ್ಯವಹಾರಾಧ್ಯಾಯದಿಂದ ಮೂರು ಅಂಶಗಳನ್ನು ಆರಿಸಿಕೊಳ್ಳುವೆನು.

ಮೊದಲನೆಯದು ಬಡ್ಡಿಯ ವಿಷಯ. ಅಡವಿಯ ಹಾದಿಯಲ್ಲಿ ಹೋಗುವ ಸಾಲಗಾರನು ತಿಂಗಳಿಗೆ ನೂರಕ್ಕೆ ಹತ್ತನ್ನೂ, ಸಮುದ್ರಯಾನ ಮಾಡುವವನು ಇಪ್ಪತ್ತನ್ನೂ ಕೊಡಬೇಕು. ಪ್ರಾಣಕ್ಕೂ ಧನಕ್ಕೂ ಅಲ್ಲಿ ಅಪಾಯವುಂಟೆಂಬುದೇ ಕಾರಣ. ಎಂದರೆ ದೂರಕ್ಕೆ ಬೆಲೆಯುಂಟು. ಅದನ್ನು ಲೆಕ್ಕದಲ್ಲಿ ಮೊದಲೇ ಹಿಡಿಯಬೇಕು. ಎರಡನೆಯದು ವೇತನದ ವಿಷಯ. ಕೂಲಿಯನ್ನು ಗೊತ್ತುಮಾಡದೆ ವ್ಯಾಪಾರ ಮಾಡಿಸಿದರೆ ಲಾಭದ ಹತ್ತರಲ್ಲೊಂದು ಪಾಲು ಭೃತ್ಯನಿಗೆ ಸಲ್ಲಬೇಕು. ಮಾರಾಟಕ್ಕೆ ತಕ್ಕ ದೇಶಕಾಲಗಳನ್ನು ಮೀರಿ ಅವನು ಲಾಭವನ್ನು ಕೆಡಿಸಿದರೆ ವೇತನವು ಸ್ವಾಮಿಯ ಇಚ್ಛೆಗೆ ಸೇರಿದ್ದು. ಹೆಚ್ಚು ಲಾಭವನ್ನು ಗಳಿಸಿದರೆ ಹೆಚ್ಚಾಗಿ ಕೊಡಬೇಕು. ಎದುರಿಗಿಲ್ಲದವನನ್ನು ಅಳೆಯುವ ಅಳತೆಗೋಲು ಅವನು ಕುಳಿತ ಹೊತ್ತಲ್ಲ, ಅವನು ತಂದ ಫಲ. ಮೂರನೆಯದು ಸಂಭೂಯಸಮುತ್ಥಾನ, ಎಂದರೆ ಹಲವರು ಕೂಡಿ ಮಾಡುವ ಉದ್ಯಮ. ಅದರಲ್ಲಿ ವಂಚಿಸಿದವನನ್ನು ಲಾಭವಿಲ್ಲದೆ ಹೊರಹಾಕಬೇಕು. ತಾನೇ ಮಾಡಲಾರದವನು ಬೇರೊಬ್ಬನಿಂದ ಮಾಡಿಸಬೇಕು. ಆಪತ್ತಿನಲ್ಲಿ ಸರಕನ್ನು ಉಳಿಸಿದವನಿಗೆ ಹತ್ತನೆಯ ಪಾಲು ಸಲ್ಲಬೇಕು. ದೇಶಾಂತರದಲ್ಲಿ ಸತ್ತವನ ದ್ರವ್ಯವು ಅವನ ದಾಯಾದಬಾಂಧವರಿಗೆ ಸೇರಬೇಕು. ದೂರ ಹೋದವನ ಹಕ್ಕು ದೂರದಿಂದಾಗಿ ನಷ್ಟವಾಗದೆಂಬ ಭರವಸೆಯಿಲ್ಲದೆ ಯಾರು ತಾನೆ ಹೊರಟಾರು?

ಇನ್ನು ಶಾಸನಗಳಲ್ಲಿ ಬರುವ ‘ಉಭಯನಾನಾದೇಶಿ’ ಎಂಬ ಮಾತನ್ನು ಪರಿಶೀಲಿಸೋಣ. ಸ್ವದೇಶಿ, ಪರದೇಶಿ ಎಂಬ ಪದಗಳೂ ಶಾಸನಗಳಲ್ಲಿ ಉಂಟು. ಸ್ಥಳದಲ್ಲಿ ನಿಂತವರನ್ನೂ ಹೊರಗೆ ತಿರುಗುವವರನ್ನೂ ಒಂದೇ ಧರ್ಮಕ್ಕೆ ಒಳಪಡಿಸಿ ಹೇಳುವ ಮಾತು ಇದೆಂದು ನನ್ನ ಮತ. ಐನೂರ್ವರದು ಒಂದೇ ಕಟ್ಟಿನ ಮಹಾಸಂಘವೆಂದು ಕೆಲವು ವಿದ್ವಾಂಸರು ನಂಬಿದರು; ಸಡಿಲವಾದ ಹಲವು ಗುಂಪುಗಳು ಒಂದು ಹೆಸರನ್ನು ಹಂಚಿಕೊಂಡುವೆಂದು ಮೀರಾ ಅಬ್ರಹಾಂ ಮೊದಲಾದ ಈಚಿನವರು ವಾದಿಸಿರುವರು. ಎರಡನೆಯ ಪಕ್ಷವನ್ನೇ ಒಪ್ಪಿದರೂ ನಮ್ಮ ವಾದಕ್ಕೆ ಬಾಧಕವಿಲ್ಲ. ಅದು ಪುಷ್ಟಿಯೇ ಆಗುತ್ತದೆ. ಒಬ್ಬ ಒಡೆಯನ ಅಪ್ಪಣೆಯಿಲ್ಲದೆಯೂ ಹರಡಿದ ಜನರನ್ನು ಕೂಡಿಸಿದುದು ವೀರಬಣಂಜುಧರ್ಮವೆಂಬ ಸಮಾನ ನಿಯಮ. ಸುಮಾತ್ರಾ ದ್ವೀಪದ ಬಾರುಸಿನ ಬಳಿಯ ೧೦೮೮ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುಗೃಹವೇ ಇತ್ತು. ದೂರ ಹೋದವರು ಅಲ್ಲಿಯೂ ತಾವು ಕೂಡುವುದಕ್ಕೆ ಒಂದು ಸ್ಥಳವನ್ನು ಕಟ್ಟಿಕೊಂಡರು. ಸಂಚಾರವು ಸ್ಥಾನವನ್ನು ಅಳಿಸಲಿಲ್ಲ, ಹೆಚ್ಚಿಸಿತು.

ಆದರೆ ಈ ವ್ಯವಸ್ಥೆಗೆ ಇನ್ನೊಂದು ಮುಖವುಂಟು. ಹದಿನಾಲ್ಕನೆಯ ಶತಮಾನದ ಶಾಸನಗಳಲ್ಲಿಯೂ ಅಯ್ಯಾವೊಳೆಯ ಹೆಸರು ನಿಲ್ಲದೆ ಬರುತ್ತದೆ. ಬಳ್ಳಿಗಾವೆಯಾದರೋ ತನ್ನ ಹಿಂದಿನ ಪದವಿಯಿಂದ ಇಳಿದುಹೋಯಿತು. ಸಂಚಾರಿಗಳು ದಾರಿ ಬದಲಿಸಿ ಉಳಿದರು, ಸ್ಥಳಕ್ಕೆ ಅಂಟಿದ್ದವರು ಸ್ಥಳದೊಡನೆ ಇಳಿದರು. ಇಂದು ಅಲ್ಲಿ ಕೇದಾರೇಶ್ವರ ತ್ರಿಪುರಾಂತಕಾದಿ ದೇವಾಲಯಗಳೂ, ೧೦೪೭ರ ಗಂಡಭೇರುಂಡ ಸ್ತಂಭವೂ ನಿಂತಿವೆ, ಪಾಠವಿಲ್ಲ, ಹೇರುಗಳಿಲ್ಲ. ಹರಡಿದ ವ್ಯವಹಾರದ ನಷ್ಟವನ್ನು ಕೊನೆಗೆ ಹೊರುವುದು ಊರೇ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಡ.

ಇಷ್ಟರಿಂದ ತೋರುವ ನಿರ್ಣಯ ಹೀಗೆ. ಕೆಲಸಗಳೆಲ್ಲಕ್ಕೂ ಒಂದೇ ಪದ್ಧತಿಯನ್ನು ವಿಧಿಸುವುದು ಪ್ರಾಚೀನರ ಮಾರ್ಗವಲ್ಲ. ಕಣ್ಣೆದುರಿಗೆ ಆಗಬೇಕಾದುದು ಸ್ಥಳದಲ್ಲಿ, ಪೇಟೆಯನ್ನು ಹುಡುಕಿ ಹೋಗಬೇಕಾದುದು ದೂರದಲ್ಲಿ. ಎರಡನ್ನೂ ಬೆಸೆಯುವುದಕ್ಕೆ ಎಲ್ಲರೂ ಒಪ್ಪಿದ ಸಮಯ, ಫಲದಿಂದ ಅಳೆಯುವ ವೇತನ, ಕೂಡುವ ಸ್ಥಾನ. ದೂರದಿಂದ ದುಡಿಯಬಹುದಾದ ಈ ಕಾಲದಲ್ಲಿ ಅಂಬ್ಲಿಗೊಳದಂತಹ ಊರಿನ ವಿದ್ಯಾವಂತನು ನಗರದ ಕೆಲಸವನ್ನು ತನ್ನ ಮನೆಯ ಜಗಲಿಗೆ ತರಬಲ್ಲನು. ಅದು ಸಂತೋಷದ ವಿಷಯ. ಆದರೆ ದೂರದ ವರ್ತಕರು ಬಳ್ಳಿಗಾವೆಯ ಅನ್ನಸತ್ರಕ್ಕೂ ಪಾಠಶಾಲೆಗೂ ಪಾಲು ಕೊಟ್ಟಂತೆ, ಹರಡಿದ ಜನರಿಂದ ಲಾಭ ಪಡೆಯುವ ಇಂದಿನ ಉದ್ಯಮವು ಅವರು ಕುಳಿತು ದುಡಿಯುವ ಊರುಗಳಿಗೆ ಏನನ್ನು ಬಿಡುತ್ತದೆ? ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರಿಗೆ ಒಪ್ಪಿಸಿ, ‘ಉಭಯನಾನಾದೇಶಿ’ ಶಬ್ದದ ಅರ್ಥವನ್ನು ಶಾಸನಜ್ಞರು ಇನ್ನೂ ವಿಮರ್ಶಿಸಬೇಕೆಂದು ಪ್ರಾರ್ಥಿಸಿ, ವಿರಮಿಸುತ್ತೇನೆ.