ಕೆಸರು, ಕಲ್ಲು, ಕೆರ

ಶಿರಾಳಕೊಪ್ಪದಿಂದ ಎರಡು-ಮೂರು ಕಿಲೋಮೀಟರ್ ದೂರದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡು ಒಂದು ಕಾಲಕ್ಕೆ ಕೋಡಿಯಮಠವಿತ್ತು. ಅದರ ಬಗ್ಗೆ 1162ರ ಶಾಸನವೊಂದು ಸಿಕ್ಕಿದೆ, ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಅದು ಶಿಕಾರಿಪುರ 102. ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದರು ಎಂಬ ಭಾಗವನ್ನೇ ಇತಿಹಾಸದ ಪುಸ್ತಕಗಳು ಎತ್ತಿ ಹೇಳುತ್ತವೆ. ಅದೇ ಶಾಸನ ಇನ್ನೂ ಮುಂದೆ ಹೋಗಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಊಟವಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತೆಂದೂ ಹೇಳುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಈ ಎರಡನೆಯ ಭಾಗ, ಯಾಕೆಂದರೆ ನಡೆಯಲಾಗದವರನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಹಿಮ್ಮಡಿ ನೋವು, ಆಣಿ, ಬಿರುಕುಬಿಟ್ಟ ಅಂಗಾಲು ಇವನ್ನೆಲ್ಲ ನಾವು ವಯಸ್ಸಿಗೋ ವಾಯುವಿಗೋ ಹಣೆಬರಹಕ್ಕೋ ಒಪ್ಪಿಸಿ ಸುಮ್ಮನಾಗುತ್ತೇವೆ. ಆದರೆ ಈ ಸೀಮೆಯ ಕಾಲುನೋವು ಬಹುಮಟ್ಟಿಗೆ ದುಡಿಮೆಯ ನೋವು. ಅದರ ಕಾರಣ ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು, ತಡೆಯುವ ದಾರಿಯೂ ಗೊತ್ತಿತ್ತು. ಯಾರಿಗೆ ಹೆಚ್ಚು ನೋಯುತ್ತಿತ್ತೋ ಅವರ ಕಾಲಿಗೇ ಆ ದಾರಿ ಮುಚ್ಚಿತ್ತು.

ಕಾರಣ ಗೊತ್ತಿತ್ತು ಎನ್ನುವುದಕ್ಕೆ ಸುಶ್ರುತ ಸಂಹಿತೆಯೇ ಸಾಕ್ಷಿ. ಅದರ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಅಧ್ಯಾಯವಿದೆ; ಅಲ್ಲಿ ಕಾಲಿನ ಮೂರು ರೋಗಗಳು ಬರುತ್ತವೆ. ಕೆಟ್ಟ ಕೆಸರಿನಲ್ಲಿ ಕಾಲಿಟ್ಟು ಬೆರಳ ಸಂದಿ ಒದ್ದೆಯಾಗಿ ತುರಿಸಿ ಉರಿಯುವುದು ಅಲಸ. ಹೆಚ್ಚು ನಡೆಯುವವರ ಒಣಗಿದ ಅಂಗಾಲು ಸೀಳುವುದು ಪಾದದಾರಿ. ಹರಳುಕಲ್ಲು ಒತ್ತಿಯೋ ಮುಳ್ಳು ಚುಚ್ಚಿಯೋ ಗಟ್ಟಿ ಗಂಟು ಕಟ್ಟುವುದು ಕದರ, ಅಂದರೆ ನಮ್ಮ ಆಣಿ. ಹಿಮ್ಮಡಿ-ಹರಡಿನ ನೋವು ವಾತಕಂಟಕವೆಂಬ ಹೆಸರಿನಲ್ಲಿ ವಾತರೋಗಗಳ ಜೊತೆ ಬರುತ್ತದೆ. ಕಾಲನ್ನು ಏರುಪೇರಾಗಿ ಊರಿದ್ದು ಅದಕ್ಕೆ ಕಾರಣವೆಂದು ಸುಶ್ರುತ ಹೇಳಿದರೆ, ಅಷ್ಟಾಂಗಹೃದಯ ಬರೆದ ವಾಗ್ಭಟ ಅದರ ಜೊತೆಗೆ ಶ್ರಮವನ್ನೂ ಸೇರಿಸಿದ. ಕೆಸರು, ನಡಿಗೆ, ಕಲ್ಲು, ತಗ್ಗುದಿಣ್ಣೆ, ಶ್ರಮ. ಗ್ರಹಚಾರವಾಗಲಿ ಪೂರ್ವಜನ್ಮದ ಪಾಪವಾಗಲಿ ಈ ಪಟ್ಟಿಯಲ್ಲಿಲ್ಲ. ಚಿಕಿತ್ಸೆ ಮಾತ್ರ ಕಠಿಣವಾಗಿತ್ತು: ಆಣಿಯನ್ನು ಕೊಯ್ದು ತೆಗೆದು ಕಾದ ಎಣ್ಣೆಯಿಂದ ಸುಡಬೇಕು, ವಾತಕಂಟಕಕ್ಕೆ ಮತ್ತೆ ಮತ್ತೆ ರಕ್ತ ತೆಗೆಯಬೇಕು, ಹರಳೆಣ್ಣೆ ಕುಡಿಸಬೇಕು, ಇಲ್ಲವೇ ಕಾಯಿಸಿದ ಸೂಜಿ ಮುಟ್ಟಿಸಬೇಕು.

ಗ್ರಂಥದ ಈ ಪಟ್ಟಿಯನ್ನು ಶಿರಾಳಕೊಪ್ಪದ ಸುತ್ತಲಿನ ನೆಲದ ಮೇಲಿಟ್ಟು ನೋಡಬೇಕು. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸಂತೆಪೇಟೆ ಇದು. ಸೊರಬದ ಕಡೆಗೆ ನೀರು ನಿಲ್ಲುವ ಭತ್ತದ ಗದ್ದೆಗಳು, ಹಿರೇಕೆರೂರಿನ ಕಡೆಗೆ ಒಣ ಬೆದ್ದಲು. ಒಂದು ಕಡೆ ಅಲಸ, ಇನ್ನೊಂದು ಕಡೆ ಪಾದದಾರಿ ಮತ್ತು ಕದರ; ನಡುವಿನ ಸಂತೆಗೆ ಎರಡೂ ಕಡೆಯವರು ತಲೆಹೊರೆ ಹೊತ್ತು ನಡೆದೇ ಬರಬೇಕಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಶಿರಾಳಕೊಪ್ಪಕ್ಕೆ ಇವತ್ತಿಗೂ ಬಂದಿಲ್ಲ. ನಾಟಿಯ ದಿನಗಳಲ್ಲಿ ಹೆಂಗಸರು ಮೊಣಕಾಲವರೆಗೆ ಕೆಸರಲ್ಲಿ ನಿಂತು, ಸೊಂಟ ಬಗ್ಗಿಸಿ, ಸಸಿ ಊರುತ್ತ ಹಿಂದಕ್ಕೆ ಸರಿಯುತ್ತಾರೆ. ಪ್ರತಿ ಹೆಜ್ಜೆಗೂ ಹೂತ ಹಿಮ್ಮಡಿಯನ್ನು ಕೆಸರಿನಿಂದ ಕಿತ್ತೆತ್ತಬೇಕು. ಮೀನಖಂಡವೂ ಅಂಗಾಲೂ ಇಡೀ ದಿನ ಎಳೆದ ಹಾಗೇ ಇರುತ್ತವೆ. ಇದರಿಂದ ಹುಟ್ಟಿದ ಮನೆಮದ್ದುಗಳೂ ನೆಲದ್ದೇ. ಬೆರಳ ಸಂದಿಗೆ ಅರಿಸಿನ ಮತ್ತು ಎಣ್ಣೆ; ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ ಕರಗಿಸಿ ತುಂಬುವುದು, ಇಲ್ಲವೇ ಗೇರೆಣ್ಣೆ; ಹಿಮ್ಮಡಿ ನೋವಿಗೆ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ, ಚುರುಗುಟ್ಟುವಷ್ಟು ಹೊತ್ತು ಊರಿ ನಿಲ್ಲುವುದು. ಮುರುಗಲ ತುಪ್ಪ ಚರ್ಮದ ಪಸೆ ಉಳಿಸುತ್ತದೆ, ಶಾಖ ನೋವನ್ನು ತುಸು ಹೊತ್ತು ಇಳಿಸುತ್ತದೆ. ಗೇರೆಣ್ಣೆಯ ಬಗ್ಗೆ ಎಚ್ಚರ ಬೇಕು, ಅದು ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಇವೆಲ್ಲ ಮರುದಿನ ಮತ್ತೆ ಗದ್ದೆಗಿಳಿಯಲು ಬೇಕಾದಷ್ಟು ಮಾಡುವ ಮದ್ದುಗಳು. ಗದ್ದೆಗಿಳಿಯಬೇಡ ಎನ್ನುವ ಮದ್ದು ಯಾರ ಮನೆಯಲ್ಲೂ ಇರಲಿಲ್ಲ.

ತಡೆಯುವ ದಾರಿಯೆಂದರೆ ಕೆರ. ಚರಕ ಸಂಹಿತೆಯ ಸೂತ್ರಸ್ಥಾನ ದಿನಚರ್ಯೆಯಲ್ಲೇ ಪಾದರಕ್ಷೆಯನ್ನು ಸೇರಿಸಿ, ಅದು ಕಣ್ಣಿಗೂ ಚರ್ಮಕ್ಕೂ ಹಿತ, ಕಾಲಿನ ಬಾಧೆ ಕಳೆಯುತ್ತದೆ ಎನ್ನುತ್ತದೆ. ಆದರೆ ಕೆರ ಹೊಲಿಯುವವರೇ ಅದನ್ನು ಮೆಟ್ಟಿ ಊರೊಳಗೆ ನಡೆಯುವಂತಿರಲಿಲ್ಲ. ಮೇಲ್ಜಾತಿಯ ಕೇರಿ ಬಂದರೆ ಕಾಲಿನಿಂದ ತೆಗೆದು ಕೈಗೆ ತೆಗೆದುಕೊಳ್ಳಬೇಕಾದ ಪದ್ಧತಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ನಮ್ಮ ಹಿರಿಯರ ಕಾಲದವರೆಗೂ ಇತ್ತು. ಕೋಡಿಯಮಠದ ಶಾಸನ ಬಿಜ್ಜಳನ ಆಳ್ವಿಕೆಯದು. ಅದೇ ಬಿಜ್ಜಳನ ಕಲ್ಯಾಣದಲ್ಲಿ, ಶರಣರ ಕಥನಗಳ ಪ್ರಕಾರ, ಸಮಗಾರ ಹರಳಯ್ಯ ಬಸವಣ್ಣನಿಗಾಗಿ ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದ. ಮುಂದೆ ಬ್ರಾಹ್ಮಣ ಶರಣ ಮಧುವರಸನ ಮಗಳಿಗೆ ಹರಳಯ್ಯನ ಮಗನನ್ನು ತಂದುಕೊಂಡದ್ದಕ್ಕೆ ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು. ಚಮ್ಮಾವುಗೆಯ ಕಥೆಯನ್ನು ಇತಿಹಾಸವೆಂದು ಯಾರೂ ಓದಬೇಕಿಲ್ಲ. ಆದರೆ ಕಾಲಿಗೆ ಹಾಕುವ ವಸ್ತುವಿನ ಸುತ್ತ ಅಷ್ಟು ದೊಡ್ಡ ಕಥೆ ಹೆಣೆಯಬೇಕಾದರೆ ಆ ವಸ್ತು ಯಾರಿಗುಂಟು ಯಾರಿಗಿಲ್ಲ ಎಂಬುದು ಆ ಸಮಾಜವನ್ನು ಚುಚ್ಚುವ ಪ್ರಶ್ನೆಯಾಗಿದ್ದಿರಲೇಬೇಕು. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಇಬ್ಬರೂ ಈ ಸೀಮೆಯಿಂದ ಕಲ್ಯಾಣಕ್ಕೆ ಹೋದವರು ಎಂಬುದನ್ನೂ ನೆನಪಿಡಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಶಾಸನ ಹೊಗಳಿಕೆಯ ಬರಹ. ದೀನ, ಅನಾಥ, ಪಂಗು, ಅಂಧ ಎಂಬ ಸಾಲು ಅಂದಿನ ಪ್ರಶಸ್ತಿಗಳ ಸಿದ್ಧ ಸಾಮಗ್ರಿ. ಸುಶ್ರುತ ಬರೆದದ್ದೂ ಶಿಕಾರಿಪುರದ ರೈತನನ್ನು ನೋಡಿ ಅಲ್ಲ. ಒಪ್ಪೋಣ. ಕೋಡಿಯಮಠದಲ್ಲಿ ಹಿಮ್ಮಡಿ ನೋವಿನವರಿಗೆ ಇಂಥ ಚಿಕಿತ್ಸೆ ಕೊಟ್ಟರೆಂದು ಶಾಸನದಿಂದ ಸಾಧಿಸಲಾಗದು. ಆದರೆ ಹೊಗಳಿಕೆಗೂ ಒಂದು ಲೆಕ್ಕವಿದೆ: ಯಾವುದು ಪುಣ್ಯವೆಂದು ಊರು ನಂಬಿತ್ತೋ ಅದನ್ನೇ ಕಲ್ಲಿಗೆ ಹಾಕಿಸುತ್ತಿದ್ದರು. ನಡೆಯಲಾಗದವನ ಊಟ-ಔಷಧಿ ಸಂಸ್ಥೆಯೊಂದರ ಹೊಣೆ ಎಂಬ ತಿಳಿವಳಿಕೆ 1162ರಲ್ಲಿ ಇಲ್ಲಿತ್ತು. ಮಠ ಅನ್ನ ಕೊಟ್ಟಿತು, ಮದ್ದು ಕೊಟ್ಟಿತು. ಕಾಲು ಕೆಡುವ ಮೊದಲೇ ಕೆರ ಕೊಡುವ ಮಾತು ಮಾತ್ರ ಎತ್ತಲಿಲ್ಲ. ದಾನಕ್ಕೆ ಒಪ್ಪಿದ ವ್ಯವಸ್ಥೆ ಹಕ್ಕಿಗೆ ಒಪ್ಪಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಎರಡನೆಯ ಆಕ್ಷೇಪ ಜಗಲಿಕಟ್ಟೆಯದು: ಹಳಬರು ಬರಿಗಾಲಲ್ಲೇ ಓಡಾಡಿ ಗಟ್ಟಿಮುಟ್ಟಾಗಿದ್ದರು, ಚಪ್ಪಲಿ ಬಂದ ಮೇಲೆಯೇ ಈ ರೋಗಗಳೆಲ್ಲ ಶುರುವಾದವು. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮಣಿಪಾಲದ ಮೂಳೆ ವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಹೆಜ್ಜೆಯಚ್ಚುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಪ್ಪಲಿ-ಶೂ ಹಾಕುವ ಮಕ್ಕಳಲ್ಲಿ ಶೇಕಡಾ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ ಬರಿಗಾಲ ಮಕ್ಕಳಲ್ಲಿ ಅದು ಶೇಕಡಾ 2.8 ಮಾತ್ರ. ಬೆಳೆಯುವ ಕಾಲಿಗೆ ನೆಲ ಮುಟ್ಟುವುದು ಒಳ್ಳೆಯದು ಎನ್ನುವುದು ಸರಿ. ಆದರೆ ಚಪ್ಪಟೆ ಪಾದವೂ ಹಿಮ್ಮಡಿ ನೋವೂ ಒಂದೇ ಅಲ್ಲ. ಆಡುವ ಮಗುವಿನ ಬರಿಗಾಲೂ ಹೊರೆ ಹೊತ್ತ ಐವತ್ತರ ಹೆಂಗಸಿನ ಬರಿಗಾಲೂ ಒಂದೇ ಅಲ್ಲ. ಬರಿಗಾಲಿನಿಂದ ಕೊಕ್ಕೆಹುಳು ಒಳಸೇರುತ್ತದೆ ಎನ್ನುವುದೂ ಬೇರೆ ಮಾತು. ಇನ್ನು ಹಳಬರಿಗೆ ನೋವಿರಲಿಲ್ಲ ಎನ್ನುವುದಾದರೆ ಎಕ್ಕದ ಎಲೆಯ ಇಟ್ಟಿಗೆ ಯಾರಿಗಾಗಿ ಕಾಯುತ್ತಿತ್ತು?

ಎಲ್ಲವೂ ದುಡಿಮೆಯಿಂದಲೇ ಎನ್ನುವ ಅತಿಗೆ ಹೋಗಬಾರದು ಎಂದು ಪಕ್ಕದ ಸಾಗರ ತಾಲ್ಲೂಕೇ ಎಚ್ಚರಿಸುತ್ತದೆ. 1970ರ ದಶಕದಲ್ಲಿ ಹಂದಿಗೋಡಿನಲ್ಲಿ ಗುರುತಿಸಿದ ಕೀಲುರೋಗ ಸೊಂಟ-ಮಂಡಿಗಳನ್ನು ಹಿಡಿದು ಬಡ ದಲಿತ ಕುಟುಂಬಗಳನ್ನು ತೆವಳುವ ಸ್ಥಿತಿಗೆ ತಂದಿತು. ಮೊದಲು ಸಂಶಯ ಬಿದ್ದದ್ದು ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದರ ಮೇಲೆ. ನಂತರದ ಸಂಶೋಧನೆ ಅದು ವಂಶವಾಹಿಯ ದೋಷವೆಂದು ತೋರಿಸಿತು. ಅಲ್ಲಿ ಕಾರಣ ರಕ್ತದಲ್ಲಿತ್ತು, ನರಳಿಕೆಯನ್ನು ಹೆಚ್ಚಿಸಿದ್ದು ಬಡತನ.

ಇವತ್ತಿನ ಹಿಮ್ಮಡಿ ನೋವಿನ ವೈದ್ಯಕೀಯ ವಿವರಣೆ ವಾಗ್ಭಟನ ಮಾತಿನಿಂದ ಬಹಳ ದೂರವಿಲ್ಲ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಡಿ ಒಂದು ಗಟ್ಟಿ ಪಟ್ಟಿ ಹಾದಿದೆ. ಹೆಚ್ಚು ಹೊತ್ತು ನಿಂತು, ಭಾರ ಹೊತ್ತು, ಮೀನಖಂಡ ಬಿಗಿದುಕೊಂಡು ಅದು ಬುಡದಲ್ಲಿ ಜಖಂ ಆಗುತ್ತದೆ. ಬೆಳಗ್ಗೆ ಎದ್ದ ಮೊದಲ ಹೆಜ್ಜೆಗೇ ಮುಳ್ಳು ಚುಚ್ಚಿದಂತಾಗುವುದು ಅದರ ಗುರುತು. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮೊನೆ ನೋವಿಲ್ಲದವರಲ್ಲೂ ಇರುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಗೋಡೆಗೆ ಕೈಯೂರಿ ಮೀನಖಂಡ ಎಳೆಯುವುದು, ಹಾಸಿಗೆಯಿಂದ ಇಳಿಯುವ ಮೊದಲು ಬೆರಳುಗಳನ್ನು ಹಿಂದಕ್ಕೆ ಬಾಗಿಸುವುದು, ಮೆತ್ತನೆ ಅಟ್ಟೆ, ತೂಕ ಇಳಿಸುವುದು ಇಷ್ಟರಿಂದಲೇ ಹೆಚ್ಚಿನವರಿಗೆ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ವಾಸಿಯಾಗುತ್ತದೆ. ಸೂಜಿಯೂ ಶಸ್ತ್ರಚಿಕಿತ್ಸೆಯೂ ಕೊನೆಯ ಮಾತು. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಸ್ಪರ್ಶ ಕಳೆದುಕೊಂಡ ಕಾಲಿನ ಮಾತೇ ಬೇರೆ. ಅಲ್ಲಿ ನೋವಾಗದಿರುವುದೇ ಅಪಾಯ, ಬಿಸಿ ಇಟ್ಟಿಗೆಯನ್ನು ಹತ್ತಿರ ತರಲೇಬಾರದು. ಅಂಥವರಿಗಾಗಿ ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರ ಕಾಲದಲ್ಲಿ ರೂಪುಗೊಂಡ ಮೆತ್ತನೆ ರಬ್ಬರಿನ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯನ್ನು ಸರ್ಕಾರದ ಕುಷ್ಠರೋಗ ಕಾರ್ಯಕ್ರಮ ಈಗಲೂ ಪುಕ್ಕಟೆ ಕೊಡುತ್ತದೆ. ಮಠ ಎತ್ತದೆ ಬಿಟ್ಟ ಮಾತನ್ನು ಒಂದು ರೋಗದ ಮಟ್ಟಿಗಾದರೂ ಇದು ಎತ್ತಿಕೊಂಡಿದೆ. ಉಳಿದವರು ಸವೆದ ಹವಾಯಿ ಚಪ್ಪಲಿಯಲ್ಲಿ ಸಿಮೆಂಟ್ ನೆಲದ ಮೇಲೆ ನಿಲ್ಲುತ್ತಾರೆ. ಡಾಕ್ಟರು ಒಂದು ತಿಂಗಳು ಕಾಲಿಗೆ ವಿಶ್ರಾಂತಿ ಕೊಡಿ ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಆ ತಿಂಗಳು ನಾಟಿಯದಾದರೆ, ಚೀಟಿ ಹಿಡಿದು ಬಂದವಳು ದಿನಗೂಲಿಯವಳಾದರೆ, ಅವಳ ಕೈಯಲ್ಲಿ ಉಳಿಯುವುದು ಚೀಟಿಯ ಇನ್ನರ್ಧ, ಅಂದರೆ ನೋವಿನ ಮಾತ್ರೆ.