ಉಳುಮೆ ನಮ್ಮದು, ಉತಾರ ಯಾರದು?

ಪೇಟೆಂಟ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಎಡಿಸನ್, ಬಲ್ಬು, ದೊಡ್ಡ ಪ್ರಯೋಗಾಲಯ. ಆದರೆ ಬಹುಪಾಲು ಪೇಟೆಂಟುಗಳು ಸಣ್ಣ ಸಣ್ಣ ಸಂಗತಿಗಳ ಮೇಲಿರ್ತವೆ. ನಿಮ್ಮ ಕಾರಿನ ಬಾಗಿಲಲ್ಲಿ ಗಾಜು ಇಳಿಯೋ ಸೀಳಿನ ಅಂಚಿಗೆ ಕಪ್ಪು ರಬ್ಬರಿನ ತುಟಿ ಇದೆಯಲ್ಲ, ಗ್ಯಾರೇಜಿನವರು ಬೀಡಿಂಗ್ ಅಂತಾರಲ್ಲ, ಅದು ಎಷ್ಟು ಬಾಗಬೇಕು, ಗಾಜಿಗೆ ತಾಗೋ ಕಡೆ ಎಷ್ಟು ನುಣುಪಿರಬೇಕು, ಮೂಲೆಯಲ್ಲಿ ಹೇಗೆ ತಿರುಗಬೇಕು ಅನ್ನೋದರ ಮೇಲೆಲ್ಲ ಪೇಟೆಂಟುಗಳಿವೆ. ಆಫೀಸಿನ ಸರ್ವರ್ ರೂಮಿನಲ್ಲಿ ಹಸಿರು ದೀಪ ಮಿಣುಕಿಸುತ್ತಾ ಕೂತಿರೋ ನೆಟ್‌ವರ್ಕ್ ಸ್ವಿಚ್ಚಿನ ಒಳಗೂ ಅಷ್ಟೇ. ನಾವು ದಿನಾ ಮುಟ್ಟುವ, ಯಾವತ್ತೂ ನೋಡದ ವಸ್ತುಗಳಿವು.

ನಾನು ಬೆಂಗಳೂರಲ್ಲಿ ಅಂಥ ಸ್ವಿಚ್ಚುಗಳ ಕೆಲಸ ಮಾಡೋ ಎಂಜಿನಿಯರ್. ಊರು ಗೋಕಾಕ, ಬಳಗವೆಲ್ಲ ಮೂಡಲಗಿ, ಹುಕ್ಕೇರಿ ಕಡೆ. ಕೆಲವು ವರ್ಷದ ಹಿಂದೆ ನನ್ನ ಹೆಸರೂ ಇದ್ದ ಒಂದು ಪೇಟೆಂಟ್ ಮಂಜೂರಾಯಿತು. ನಾಲ್ವರಲ್ಲಿ ಮೂರನೇ ಹೆಸರು ನಂದು. ಕಂಪನಿಯವರು ಕೊಟ್ಟ ಫಲಕವನ್ನ ಊರಿಗೆ ಒಯ್ದು ತೋರಿಸಿದೆ. ಅವ್ವ ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ನಿನ್ನ ಪಾಲು ಎಷ್ಟು?" ಅಂದಳು. ಹೆಸರು ನಂದು, ಹಕ್ಕು ಕಂಪನಿದು ಅಂತ ತಿಳಿಸಿ ಹೇಳಿದೆ. "ಹಂಗಂದ್ರ ಉಳುಮೆ ನಿಂದು, ಉತಾರ ಅವರದು" ಅಂದು ಒಳಗೆ ಹೋದಳು. ಉತಾರ ಅಂದ್ರೆ ನಮ್ಮ ಕಡೆ ಪಹಣಿ. ಪೇಟೆಂಟ್ ಕಾನೂನನ್ನ ಇಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ನಾನು ಈ ಎರಡು ವಸ್ತುಗಳ ಚರಿತ್ರೆಯನ್ನ ಅವ್ವನ ಪ್ರಶ್ನೆ ಇಟ್ಟುಕೊಂಡೇ ಓದಿದೆ.

ರಬ್ಬರಿನಿಂದ ಶುರು ಮಾಡೋಣ. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತೆ, ಚಳಿಗೆ ಬಿರುಸಾಗುತ್ತೆ. ಗಂಧಕ ಬೆರೆಸಿ ಕಾಯಿಸಿದರೆ ಎರಡೂ ಕಾಟ ತಪ್ಪುತ್ತೆ ಅಂತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1844ರ ಜೂನ್‌ನಲ್ಲಿ. ಅಷ್ಟರೊಳಗೆ ಅವನ ರಬ್ಬರಿನ ತುಣುಕುಗಳು ಇಂಗ್ಲೆಂಡಿಗೆ ಹೋಗಿದ್ದವು. ಅವನ್ನ ನೋಡಿದ್ದ ಥಾಮಸ್ ಹ್ಯಾನ್ಕಾಕ್ 1843ರ ನವೆಂಬರಿನಲ್ಲೇ ಅಲ್ಲಿ ಅರ್ಜಿ ಹಾಕಿಬಿಟ್ಟಿದ್ದ. ಬ್ರಿಟನ್ನಿನ ಹಕ್ಕು ಹ್ಯಾನ್ಕಾಕನ ಪಾಲಾಯಿತು. ಗುಡ್‌ಇಯರ್ 1860ರಲ್ಲಿ ತೀರಿಕೊಂಡಾಗ ತಲೆ ಮೇಲೆ ಸಾಲದ ಹೊರೆ. ಇವತ್ತು ಅವನ ಹೆಸರು ಹೊತ್ತಿರೋ ಟೈರ್ ಕಂಪನಿ ಶುರುವಾದದ್ದು 1898ರಲ್ಲಿ. ಅವನಿಗಾಗಲಿ ಅವನ ಮನೆಯವರಿಗಾಗಲಿ ಅದರ ಜೊತೆ ಸಂಬಂಧ ಇರಲಿಲ್ಲ.

ಗಾಜಿನ ಬೀಡಿಂಗಿಗೆ ಬರೀ ನೈಸರ್ಗಿಕ ರಬ್ಬರು ಸಾಲದು. ಗಾಳಿಯಲ್ಲಿರೋ ಓಝೋನ್ ಅದರ ಅಣುಸರಪಳಿಯ ಜೋಡಿ ಬಂಧಗಳನ್ನ ಕತ್ತರಿಸುತ್ತೆ; ಕೆಲವು ವರ್ಷದಲ್ಲಿ ಬಿರುಕು. ಕಾರ್ಲ್ ಝೀಗ್ಲರ್, ಜೂಲಿಯೋ ನಟ್ಟಾ ಇಬ್ಬರೂ 1950ರ ದಶಕದಲ್ಲಿ ಕಂಡುಕೊಂಡ ವೇಗವರ್ಧಕಗಳು ಇದಕ್ಕೆ ದಾರಿ ಮಾಡಿಕೊಟ್ಟವು. ಅವರಿಗೆ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ದಾರಿಯಲ್ಲೇ ಬಂದದ್ದು ಇಪಿಡಿಎಂ ಅನ್ನೋ ರಬ್ಬರು. ಇದರ ಬೆನ್ನೆಲುಬಿನಲ್ಲಿ ಜೋಡಿ ಬಂಧವೇ ಇಲ್ಲ, ಹಾಗಾಗಿ ಓಝೋನಿಗೆ ಕತ್ತರಿಸೋಕೆ ಏನೂ ಸಿಗಲ್ಲ. ಚಕ್ಕಲಿ ಒತ್ತಿದ ಹಾಗೆ ಇದನ್ನ ಅಚ್ಚಿನಿಂದ ಉದ್ದಕ್ಕೆ ಒತ್ತಿ ತೆಗೆದು, ಕಾಯಿಸಿ ಗಟ್ಟಿ ಮಾಡ್ತಾರೆ. ಆ ಕಾಯಿಸೋ ಹಂತದಲ್ಲಿ ಸಾಮಾನ್ಯವಾಗಿ ಬೆರೆಸೋದು ಗುಡ್‌ಇಯರನ ಅದೇ ಗಂಧಕ. ಕಬ್ಬಿನ ಹಂಗಾಮಿನಲ್ಲಿ ಮೂಡಲಗಿ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಹೋಗುವಾಗ ಕಾರೊಳಗೆ ಧೂಳು ಬರದ ಹಾಗೆ ತಡೆಯೋದರಲ್ಲಿ ಅವನ ಪಾಲೂ ಇದೆ.

ಇನ್ನು ಕಂಪ್ಯೂಟರ್ ಜಾಲ. 1973ರ ಮೇ 22ರಂದು ಝೆರಾಕ್ಸ್ ಕಂಪನಿಯ ಕ್ಯಾಲಿಫೋರ್ನಿಯಾ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಒಂದು ಟಿಪ್ಪಣಿ ಬರೆದ. ಒಂದೇ ತಂತಿಗೆ ಹಲವು ಯಂತ್ರ ಕಟ್ಟೋದು, ಮಾತಾಡೋ ಮೊದಲು ಕೇಳಿಸಿಕೊಳ್ಳೋದು, ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಇಬ್ಬರೂ ಸುಮ್ಮನಾಗಿ, ತುಸು ಹೊತ್ತು ತಡೆದು ಮತ್ತೆ ಶುರು ಮಾಡೋದು. ನಮ್ಮ ಕಟ್ಟೆ ಹರಟೆಯಲ್ಲಿ ಕಾಣದ ಶಿಸ್ತು ಅಷ್ಟೇ. ಇದೇ ಈಥರ್ನೆಟ್. 1977ರ ಡಿಸೆಂಬರಿನಲ್ಲಿ ಪೇಟೆಂಟ್ ಬಂತು. ಕಂಡುಹಿಡಿದವರ ಜಾಗದಲ್ಲಿ ಮೆಟ್‌ಕಾಫ್, ಡೇವಿಡ್ ಬಾಗ್ಸ್, ಚಾರ್ಲ್ಸ್ ಥ್ಯಾಕರ್, ಬಟ್ಲರ್ ಲ್ಯಾಂಪ್ಸನ್. ಒಡೆತನದ ಜಾಗದಲ್ಲಿ ಝೆರಾಕ್ಸ್.

ಮುಂದೆ ಝೆರಾಕ್ಸ್ ಒಂದು ಜಾಣತನ ಮಾಡಿತು. ಡಿಜಿಟಲ್, ಇಂಟೆಲ್ ಕಂಪನಿಗಳ ಜೊತೆ ಸೇರಿ 1980ರಲ್ಲಿ ಈಥರ್ನೆಟ್ಟಿನ ಪೂರ್ತಿ ವಿವರ ಪ್ರಕಟಿಸಿತು. ಪೇಟೆಂಟ್ ಬಳಸಬೇಕಂದ್ರೆ ಒಂದೇ ಸಲ 1,000 ಡಾಲರ್ ಕಟ್ಟಿದರೆ ಸಾಕು ಅಂತ ಒಪ್ಪಿತು. ಅದೇ ಕಾಲದಲ್ಲಿ ಟೋಕನ್ ರಿಂಗ್ ಅನ್ನೋ ಇನ್ನೊಂದು ಪದ್ಧತಿ ಇತ್ತು. ಅದಕ್ಕೆ ಐಬಿಎಂನಂಥ ಕಂಪನಿಯ ಬೆಂಬಲವಿತ್ತು. ಆದರೆ ಅದನ್ನ ತಯಾರಿಸೋರು ಸ್ವೀಡನ್ನಿನ ಓಲೋಫ್ ಸೋಡರ್‌ಬ್ಲೂಮ್ ಹೆಸರಿನ ಪೇಟೆಂಟಿಗೆ ರಾಯಧನ ಕಟ್ಟಬೇಕಿತ್ತು. ಟೋಕನ್ ರಿಂಗ್ ಸೋತಿದ್ದಕ್ಕೆ ಕಾರಣ ಇದೊಂದೇ ಅಲ್ಲ. ಆದರೆ ಕಾರ್ಡುಗಳ ಬೆಲೆ ಕೇಳಿದ ಗಿರಾಕಿ ಅಗ್ಗದ ಕಡೆ ವಾಲಿದ. ಹುಕ್ಕೇರಿಯ ಯಾವುದಾದರೂ ಸೊಸೈಟಿ ಆಫೀಸಿಗೆ ಹೋಗಿ ಗೋಡೆಯ ಮೂಲೆ ನೋಡಿ, ಗೆದ್ದವರು ಯಾರು ಅಂತ ಗೊತ್ತಾಗುತ್ತೆ.

ಆ ಮೂಲೆಯಲ್ಲಿರೋ ಸ್ವಿಚ್ಚಿನ ಕತೆಯಲ್ಲಿ ನಮ್ಮ ಕಡೆಯ ಒಂದು ಹೆಸರಿದೆ. ಹಳೆಯ ಹಬ್ ಅನ್ನೋ ಪೆಟ್ಟಿಗೆ ಡಂಗುರದವನ ಹಾಗೆ, ಒಬ್ಬರಿಗೆ ಬಂದ ಸುದ್ದಿಯನ್ನ ಊರಿಗೆಲ್ಲ ಸಾರುತ್ತಿತ್ತು. ಸ್ವಿಚ್ಚು ಪೋಸ್ಟ್‌ಮ್ಯಾನ್ ಥರ, ವಿಳಾಸ ನೋಡಿ ಆ ಮನೆಗೆ ಮಾತ್ರ ಮುಟ್ಟಿಸುತ್ತೆ. ವಿನೋದ್ ಭಾರದ್ವಾಜ್, ಲ್ಯಾರಿ ಬ್ಲೇರ್ ಇಬ್ಬರೂ 1987ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಕಂಪನಿ ಏಳು ಪೋರ್ಟಿನ ಮೊದಲ ಈಥರ್ನೆಟ್ ಸ್ವಿಚ್ಚನ್ನ 1990ರಲ್ಲಿ ಮಾರುಕಟ್ಟೆಗೆ ತಂದಿತು. ಕಂಪನಿ ಹೆಸರು 'ಕಲ್ಪನಾ', ಭಾರದ್ವಾಜ್ ಅವರ ಹೆಂಡತಿಯ ಹೆಸರು. 1994ರಲ್ಲಿ ಅದನ್ನ ಸಿಸ್ಕೋ ಕೊಂಡುಕೊಂಡಿತು. ಇಲ್ಲಿ ಉಳುಮೆ ಮಾಡಿದವರ ಕೈಯಲ್ಲೇ ಉತಾರವೂ ಇತ್ತು. ಮಾರೋದು ಬಿಡೋದು ಅವರ ತೀರ್ಮಾನ.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ಇಲ್ಲಿನ ಮೊದಲ ಪೇಟೆಂಟ್ ಕಾನೂನು 1856ರದ್ದು. ಆ ವರ್ಷವೇ ಕಲ್ಕತ್ತೆಯ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್ ಅನ್ನೋ ಎಂಜಿನಿಯರ್ ಪಂಖಾ ಎಳೆಯೋ ಯಂತ್ರಕ್ಕೆ ಅರ್ಜಿ ಹಾಕಿದ. ಆಮೇಲೆ 1911ರ ಕಾಯ್ದೆ. ಈಗಿರೋದು 1970ರದ್ದು, 2005ರವರೆಗೆ ಹಲವು ಸಲ ತಿದ್ದಿದ್ದು. ಇದರ 28ನೇ ಕಲಂ ಪ್ರಕಾರ ಕಂಡುಹಿಡಿದವರು ತಮ್ಮ ಹೆಸರು ನಮೂದಾಗಲಿ ಅಂತ ಕೇಳಬಹುದು. ಆದರೆ ಹೆಸರು ನಮೂದಾದ ಮಾತ್ರಕ್ಕೆ ಹಕ್ಕು ಬರೋದಿಲ್ಲ ಅಂತಲೂ ಅದೇ ಕಲಂ ಹೇಳುತ್ತೆ. ಜರ್ಮನಿಯಲ್ಲಿ 1957ರಿಂದಲೇ ನೌಕರರ ಆವಿಷ್ಕಾರಕ್ಕೆ ಅಂತಲೇ ಕಾನೂನಿದೆ: ಕಂಪನಿ ಹಕ್ಕು ತಗೊಂಡರೆ ನೌಕರನಿಗೆ ತಕ್ಕ ಪ್ರತಿಫಲ ಕೊಡಲೇಬೇಕು. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಹಾಗಿಲ್ಲ. ಸೇರೋ ದಿನ ನಾವು ಸಹಿ ಹಾಕೋ ಕರಾರಿನಲ್ಲಿ ಏನಿದೆಯೋ ಅದೇ ಕಾನೂನು. 1974ರಲ್ಲಿ ಕರ್ನಾಟಕ 'ಉಳುವವನೇ ಹೊಲದೊಡೆಯ' ಅಂದಿತು. ತಲೆಯಿಂದ ಉಳುವವರಿಗೆ ಯಾರೂ ಹಾಗೆ ಅಂದಿಲ್ಲ.

ಕಂಪನಿಗಳ ಕಡೆಗೂ ನ್ಯಾಯ ಇದೆ. ಲ್ಯಾಬು ಅವರದು, ಸಂಬಳ ಅವರದು, ಹತ್ತು ಪ್ರಯತ್ನದಲ್ಲಿ ಒಂಬತ್ತು ಸೋತರೆ ನಷ್ಟವೂ ಅವರದೇ. ಫ್ರೀಯಾಗಿ ಎಲ್ಲ ಕೊಡಿ ಅಂತ ನಾನು ಕೇಳ್ತಿಲ್ಲ. ಆದರೆ ಒಡೆತನಕ್ಕೆ ಒಂದೇ ಮಾದರಿ ಇರೋದಲ್ಲ ಅಂತ ನಮ್ಮ ಮೂರು ತಾಲ್ಲೂಕುಗಳ ಚರಿತ್ರೆಯೇ ಹೇಳುತ್ತೆ. 1887ರಲ್ಲೇ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೀತು; ನೀರು ಘಟಪ್ರಭೆಯದು, ಗಿರಣಿ ಕಂಪನಿಯದು. 1969ರಲ್ಲಿ ಹುಕ್ಕೇರಿಯವರು ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿದರು. ಅಲ್ಲಿ ಕರೆಂಟು ಉರಿಸೋ ರೈತನೇ ಸಂಘದ ಸದಸ್ಯ. ಈಗ ಅದೇ ತಾಲ್ಲೂಕಿನ ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯ ಇದೆ, ವಿಮಾನದ ಬಿಡಿಭಾಗ ತಯಾರಾಗುತ್ತೆ. ಸಾಮಾನ್ಯವಾಗಿ ಈ ಉದ್ಯಮದಲ್ಲಿ ನಕ್ಷೆ ಗಿರಾಕಿಯದು, ಕೈಚಳಕ ನಮ್ಮ ಹುಡುಗರದು. ಕೈಚಳಕ ಬಂದ ಮೇಲೆ ಮುಂದಿನ ಮೆಟ್ಟಿಲು ನಕ್ಷೆ ಅಲ್ವಾ?

ಆ ಮೆಟ್ಟಿಲು ನಾವಂದುಕೊಂಡಷ್ಟು ದುಬಾರಿ ಅಲ್ಲ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಶುಲ್ಕ 1,600 ರೂಪಾಯಿ, ಪರಿಶೀಲನೆಗೆ 4,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗ್ತವೆ. ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ತಿ ವಿವರವನ್ನ 12 ತಿಂಗಳೊಳಗೆ ಕೊಡಬಹುದು. ನಿಜವಾದ ಖರ್ಚು ಅರ್ಜಿ ಬರೆಸೋಕೆ. ಅದಕ್ಕೆ ಬಲ್ಲವರು ಬೇಕು. ನೆನಪಿಡಬೇಕಾದ್ದು ಒಂದೇ: ಮೊದಲು ಅರ್ಜಿ, ಆಮೇಲೆ ಅಂಗಡಿ. ಹೊಸ ಉಪಾಯವನ್ನ ಎಲ್ಲರೆದುರು ಬಳಸಿಬಿಟ್ಟರೆ ಅದು ಕಾನೂನಿನ ಕಣ್ಣಿಗೆ ಹೊಸದಾಗಿ ಉಳಿಯೋದಿಲ್ಲ. ನಮ್ಮೂರ ಗ್ಯಾರೇಜುಗಳಲ್ಲಿ ಬೀಡಿಂಗಿನ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿ ಕೂರಿಸಿ ಧೂಳು ತಡೆಯೋರನ್ನ ನೋಡಿದ್ದೀನಿ. ಕಾಗದದ ಮೇಲೆ ಬರೆದಿಟ್ಟವರನ್ನ ನೋಡಿಲ್ಲ. ಹ್ಯಾನ್ಕಾಕ್ ಗೆದ್ದದ್ದು ಅಲ್ಲೇ.

ಬೆಂಗಳೂರಿನ ಗೆಳೆಯರಿಗೆ ಇನ್ನೊಂದು ಮಾತು. ಮುಂದಿನ ಕೆಲಸಕ್ಕೆ ಸೇರುವಾಗ ಸಂಬಳದ ಹಾಳೆಯ ಜೊತೆ ಬರೋ ಆವಿಷ್ಕಾರದ ಕರಾರನ್ನೂ ಕೂತು ಓದಿ. ಆಫೀಸಿನ ಹೊರಗೆ, ನಿಮ್ಮ ಸ್ವಂತ ಹೊತ್ತಿನಲ್ಲಿ ಹೊಳೆದದ್ದು ಯಾರದು? ಪೇಟೆಂಟ್ ಬಂದರೆ ನಿಮಗೇನು? ಅರ್ಥ ಆಗದಿದ್ದರೆ ಎಚ್‌ಆರ್‌ ಅವರನ್ನ ಬರವಣಿಗೆಯಲ್ಲೇ ಕೇಳಿ. ಹೊಲ ಕೊಳ್ಳುವಾಗ ಉತಾರ ನೋಡದೆ ನಾವು ಒಂದು ರೂಪಾಯಿ ಮುಂಗಡವನ್ನೂ ಕೊಡೋದಿಲ್ಲ. ಇಪ್ಪತ್ತು ವರ್ಷ ನಡೆಯೋ ಹಕ್ಕಿಗೆ ಸಹಿ ಹಾಕುವಾಗಲೂ ಅಷ್ಟು ಎಚ್ಚರ ಇರಲಿ.